ಸೂರ್ಯನ ಮರೆವು, ಕಬ್ಬಿಣದ ನೆನಪು

ಬಿಸಿ ಎನ್ನುವುದು ಒಂದು ಬಗೆಯ ಮರೆವು. ಮಳೆ ಜೋರಾಗಿ ಹೊಯ್ದ ಸಂಜೆ ಸರ್ಜಾಪುರದ ಸುತ್ತಿನ ಯಾವುದಾದರೂ ಕೆರೆಯ ಏರಿ ಹತ್ತಿ ನಿಂತರೆ ಈ ಮಾತು ಕಣ್ಣಿಗೇ ಕಾಣುತ್ತದೆ. ಉಳಿದಿರುವ ನಾಲ್ಕು ರಾಗಿ ಹೊಲಗಳಿಂದ ಇಳಿದ ನೀರು ಒಂದು ಕಡೆಯಿಂದ ಕೆಂಪಗೆ ಬರುತ್ತದೆ. ಅಪಾರ್ಟ್‌ಮೆಂಟ್ ಏಳುತ್ತಿರುವ ಜಾಗದಿಂದ ಸಿಮೆಂಟಿನ ಬೂದು ನೀರು ಇನ್ನೊಂದು ಕಡೆಯಿಂದ ಬರುತ್ತದೆ. ಕೆರೆ ಸೇರುವ ಬಾಯಲ್ಲಿ ಎರಡೂ ಪಟ್ಟೆಪಟ್ಟೆಯಾಗಿ ಹರಿಯುವಾಗ ಯಾವುದು ಎಲ್ಲಿಯದೆಂದು ಮಗುವೂ ಹೇಳಬಲ್ಲದು. ಮರುದಿನ ನೋಡಿದರೆ ಕೆರೆಗೆಲ್ಲ ಒಂದೇ ಬಣ್ಣ. ಆ ಬಣ್ಣದಿಂದ ಹೊಲವನ್ನೂ ಕಟ್ಟಡವನ್ನೂ ಹಿಂದಕ್ಕೆ ಹುಡುಕಿಕೊಂಡು ಹೋಗಲು ಯಾರಿಂದಲೂ ಆಗದು. ನೀರು ಬೆರೆತಿದೆ, ಬಂದ ದಾರಿ ಅಳಿಸಿಹೋಗಿದೆ.

ಅನಿಲದೊಳಗಿನ ಕಣಗಳ ಪಾಡೂ ಇದೇ. ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ, ವೇಗವನ್ನು ಕೊಟ್ಟು ತೆಗೆದುಕೊಳ್ಳುತ್ತ, ಅವು ಬೇಗನೆ ಒಂದು ಹಂಚಿಕೆಗೆ ಬಂದು ನಿಲ್ಲುತ್ತವೆ: ನಿಧಾನದವು ಇಷ್ಟು, ನಡುವೇಗದವು ಇಷ್ಟು, ಅತಿವೇಗದವು ಬೆರಳೆಣಿಕೆಯಷ್ಟು. ಈ ಹಂಚಿಕೆಯ ಸೂತ್ರವನ್ನು 1860ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಕೊಟ್ಟ. ಬೋಲ್ಟ್ಸ್‌ಮನ್ ಅದಕ್ಕೆ ಬುನಾದಿ ಕಟ್ಟಿದ. ಸೂತ್ರದಲ್ಲಿ ಕೊನೆಗೆ ಉಳಿಯುವುದು ಒಂದೇ ಒಂದು ಅಂಕಿ, ತಾಪಮಾನ. ಬೆಂಕಿಯಿಟ್ಟು ಕಾಯಿಸಿದರೋ, ಒತ್ತಿ ಹಿಸುಕಿ ಕಾಯಿಸಿದರೋ, ವಿದ್ಯುತ್ತು ಹಾಯಿಸಿದರೋ, ಅನಿಲಕ್ಕೆ ಅದರ ನೆನಪಿಲ್ಲ. ಇಷ್ಟು ಬಿಸಿಯಾಗಿದ್ದೇನೆ ಎನ್ನುವುದೊಂದನ್ನು ಬಿಟ್ಟು ಅದು ಮತ್ತೇನನ್ನೂ ಹೇಳದು.

ಹಾಗಾದರೆ ಸೂರ್ಯನ ಸುತ್ತ ಹಬ್ಬಿ ನಿಂತ ಬಿಸಿ ಅನಿಲ, ಕರೋನಾ? ಅದೂ ಎಲ್ಲವನ್ನೂ ಮರೆತು ಕೂತಿದೆಯೇ?

ಈ ಪ್ರಶ್ನೆ ನನ್ನನ್ನು ಬಿಡದೆ ಕಾಡುವುದಕ್ಕೆ ಕಾರಣವಿದೆ. ಸೂರ್ಯನ ಮೇಲ್ಮೈಯ ಬಿಸಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರಿಂದ ದೂರ ಸರಿದಂತೆ ತಣ್ಣಗಾಗಬೇಕಾದ ಕರೋನಾ ಹತ್ತು ಲಕ್ಷ ಡಿಗ್ರಿ ದಾಟುತ್ತದೆ. ಇದು ಗೊತ್ತಾದದ್ದೇ ಒಂದು ದೊಡ್ಡ ಕಥೆ. 1869ರ ಗ್ರಹಣದಲ್ಲಿ ಕರೋನಾದ ಬೆಳಕಿನೊಳಗೆ ಒಂದು ಹಸಿರು ಗೆರೆ ಕಂಡಿತು, ತರಂಗಾಂತರ 530.3 ನ್ಯಾನೋಮೀಟರ್. ಭೂಮಿಯ ಯಾವ ಮೂಲವಸ್ತುವಿಗೂ ಅದು ಹೊಂದಲಿಲ್ಲ. ಹೊಸ ವಸ್ತುವೇ ಇರಬೇಕೆಂದು ‘ಕೊರೋನಿಯಮ್’ ಎಂದು ಹೆಸರಿಟ್ಟು ಎಪ್ಪತ್ತು ವರ್ಷ ಕಾದರು. ಜರ್ಮನಿಯ ವಾಲ್ಟರ್ ಗ್ರೋಟ್ರಿಯನ್ ಕೊಟ್ಟ ಸುಳಿವು ಹಿಡಿದು, 1940ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಬೆಂಗ್ಟ್ ಎಡ್ಲೆನ್ ಗುಟ್ಟು ಬಿಡಿಸಿದರು. ಅದು ಕಬ್ಬಿಣ. ತನ್ನ ಇಪ್ಪತ್ತಾರು ಎಲೆಕ್ಟ್ರಾನುಗಳಲ್ಲಿ ಹದಿಮೂರನ್ನು ಕಳೆದುಕೊಂಡ ಕಬ್ಬಿಣ. ಅಷ್ಟನ್ನು ಕಿತ್ತುಹಾಕಲು ಹತ್ತು ಲಕ್ಷ ಡಿಗ್ರಿಗೂ ಮೀರಿದ ಬಿಸಿ ಬೇಕು.

ಸರ್ಜಾಪುರದ ಮಣ್ಣನ್ನು ಕೆಂಪಗೆ ಮಾಡಿರುವುದೂ ಇದೇ ಕಬ್ಬಿಣ. ಇಲ್ಲಿ ಆಮ್ಲಜನಕದ ಜೊತೆ ಸೇರಿ ತುಕ್ಕಾಗಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಅಲ್ಲಿ ಅರ್ಧ ಮೈ ಕಳಚಿಕೊಂಡು ಹಸಿರಾಗಿ ಉರಿಯುತ್ತದೆ. ಸೂರ್ಯನಲ್ಲಿ ಅದು ಬಹಳವೇನೂ ಇಲ್ಲ, ಹೈಡ್ರೋಜನ್ನಿನ ಸುಮಾರು ಮೂವತ್ತು ಸಾವಿರ ಪರಮಾಣುಗಳಿಗೆ ಒಂದು. ಆ ಒಂದೇ ಸಾಕ್ಷಿ ಹೇಳಬಲ್ಲದು. ಬೆತ್ತಲಾದ ಹೈಡ್ರೋಜನ್ನಿಗೆ ಹೇಳಲು ಬಾಯಿಲ್ಲ, ಇದ್ದೊಂದು ಎಲೆಕ್ಟ್ರಾನೂ ಹೋಗಿರುತ್ತದೆ. ಕಬ್ಬಿಣದಲ್ಲಿ ಇನ್ನೂ ಕೆಲವು ಉಳಿದಿರುತ್ತವೆ. ಉಳಿದವು ಪೆಟ್ಟು ತಿಂದಾಗಲೆಲ್ಲ ಬೆಳಕು ಬಿಡುತ್ತವೆ.

ನಮ್ಮ ಊರಿನ ಹೆಸರು ಹೊತ್ತ ಸರ್ಜಾಪುರ ರಸ್ತೆ ಹೊರಡುವುದು ಕೋರಮಂಗಲದ ಮಗ್ಗುಲಿಂದ. ದಿನಾ ಬೆಳಗ್ಗೆ ಸಂಜೆ ಆ ದಾರಿಯಲ್ಲಿ ಕಂಪನಿ ಬಸ್ಸುಗಳಲ್ಲಿ ಕೂತವರಲ್ಲಿ ಎಷ್ಟು ಮಂದಿಗೆ ಗೊತ್ತೋ, ಅದೇ ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆ ಇದೆ. 1899ರಲ್ಲಿ ಕೊಡೈಕೆನಾಲಿನಲ್ಲಿ ಶುರುವಾದ ಸೌರ ವೀಕ್ಷಣಾಲಯದ ಪರಂಪರೆಯನ್ನು ಖಗೋಳವಿಜ್ಞಾನಿ ವೈನು ಬಾಪ್ಪು 1970ರ ದಶಕದಲ್ಲಿ ಬೆಂಗಳೂರಿಗೆ ತಂದು ನೆಲೆಗೊಳಿಸಿದರು. 1980ರ ಫೆಬ್ರವರಿ 16ರಂದು ಖಗ್ರಾಸ ಗ್ರಹಣದ ನೆರಳು ಕಾರವಾರದ ಕಡಲಂಚಿನಿಂದ ಹುಬ್ಬಳ್ಳಿ, ರಾಯಚೂರುಗಳ ಸೀಮೆಯನ್ನು ಹಾದು ಹೋಯಿತು. ನಾಡಿನ ಎಷ್ಟೋ ಮಂದಿ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದ ಆ ಮಧ್ಯಾಹ್ನ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಕಡೆಯ ಬಯಲಲ್ಲಿ ರೋಹಿತದರ್ಶಕ ಹೂಡಿ ಕಾದಿದ್ದರು. ಬಾಪ್ಪು ಅವರ ಪ್ರೋತ್ಸಾಹದಿಂದ ಅಲ್ಲಿಂದ ಗ್ರಹಣಗಳ ಬೆನ್ನು ಹತ್ತಿದವರು ಜಗದೇವ್ ಸಿಂಗ್. ಗ್ರಹಣ ಕೊಡುವ ನಾಲ್ಕಾರು ನಿಮಿಷ ಸಾಲದು ಎನ್ನುವ ಅವರ ಹಂಬಲವೇ ಬೆಳೆದು, ಮುಂದೆ ಆಕಾಶದಲ್ಲೇ ಕೃತಕ ಗ್ರಹಣ ಮಾಡುವ ಉಪಕರಣದ ಯೋಜನೆಯಾಯಿತು. ಆ ಕರೋನಾಗ್ರಾಫನ್ನು, ವಿಇಎಲ್‌ಸಿ ಎಂದು ಅದನ್ನು ಕರೆಯುತ್ತಾರೆ, ಜೋಡಿಸಿ ಪರೀಕ್ಷಿಸಿದ್ದು ಇಲ್ಲಿಂದ ದೂರವಲ್ಲದ ಹೊಸಕೋಟೆಯಲ್ಲಿ, ಸಂಸ್ಥೆಯ ಕ್ರೆಸ್ಟ್ ಆವರಣದ ಧೂಳಿಲ್ಲದ ಕೋಣೆಗಳಲ್ಲಿ. ಲಾರಿ ಓಡಾಟದ ಧೂಳಿನಲ್ಲಿ ಮುಳುಗಿದ ಹೊಸಕೋಟೆಯ ಹೆದ್ದಾರಿಯ ಆಚೆಗೇ ಅಂಥ ಕೋಣೆಗಳಿವೆ ಎಂದು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆ ಅದನ್ನು ಹೊತ್ತು ಹಾರಿತು. 2024ರ ಜನವರಿ 6ರಿಂದ ಅದು ನಮ್ಮಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನನ್ನು ನೋಡುತ್ತಿದೆ. ನೋಡುತ್ತಿರುವ ಗೆರೆಗಳಲ್ಲಿ ಒಂದು, 1869ರ ಅದೇ ಹಸಿರು ಗೆರೆ.

ಈಗ ಮರೆವಿನ ಮಾತಿಗೆ ಬರುತ್ತೇನೆ.

ಹತ್ತು ಲಕ್ಷ ಡಿಗ್ರಿ ಎಂದಾಗ ನಾವು ಹೇಳುತ್ತಿರುವುದು ಸರಾಸರಿಯನ್ನು. ಆ ಬಿಸಿಯಲ್ಲಿ ಎಲೆಕ್ಟ್ರಾನೊಂದರ ಸಾಮಾನ್ಯ ವೇಗ ಸೆಕೆಂಡಿಗೆ ಆರೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಅರ್ಧ ಸೆಕೆಂಡು. ಆದರೆ ಎಲ್ಲವೂ ಮ್ಯಾಕ್ಸ್‌ವೆಲ್ ಹೇಳಿದ ಹಂಚಿಕೆಯಲ್ಲೇ ಓಡುತ್ತಿವೆಯೇ? ಡಿಕ್ಕಿಗಳು ಸಾಕಷ್ಟು ಆದರೆ ಮಾತ್ರ ಆ ಹಂಚಿಕೆ ಬರುತ್ತದೆ. ಕರೋನಾ ತೀರಾ ತೆಳು. ಅದರ ಹೊಳೆಯುವ ಭಾಗಗಳಲ್ಲೂ ಒಂದು ಘನ ಸೆಂಟಿಮೀಟರಿಗೆ ನೂರು ಕೋಟಿ ಎಲೆಕ್ಟ್ರಾನುಗಳ ಆಸುಪಾಸು. ನಾವು ಉಸಿರಾಡುವ ಗಾಳಿ ಅದಕ್ಕಿಂತ ಸಾವಿರಾರು ಕೋಟಿ ಪಟ್ಟು ದಟ್ಟ. ಅಲ್ಲಿ ಸಾಧಾರಣ ಎಲೆಕ್ಟ್ರಾನು ಸರಿಯಾದ ಪೆಟ್ಟೊಂದು ಬೀಳುವ ಮುನ್ನ ನೂರು ಕಿಲೋಮೀಟರಿನಷ್ಟು ಓಡಿರುತ್ತದೆ.

ಇದಕ್ಕಿಂತ ಅಚ್ಚರಿಯ ವಿಷಯ ಇನ್ನೊಂದಿದೆ, ನಾನು ಮತ್ತೆ ಮತ್ತೆ ಹಿಂದಿರುಗುವುದು ಅದಕ್ಕೇ. ನಮ್ಮ ಲೋಕದಲ್ಲಿ ಜೋರಾಗಿ ಓಡುವವನಿಗೆ ಅಡ್ಡಿ ಹೆಚ್ಚು. ಬೈಕು ವೇಗವಾದಷ್ಟೂ ಗಾಳಿ ಎದೆಗೆ ಒತ್ತುತ್ತದೆ. ವಿದ್ಯುದಾವೇಶವಿರುವ ಕಣಗಳ ಲೋಕದಲ್ಲಿ ತಿರುವುಮುರುವು. ವೇಗದ ಎಲೆಕ್ಟ್ರಾನು ಇತರ ಕಣಗಳ ಪಕ್ಕದಲ್ಲಿ ಎಷ್ಟು ಬೇಗ ಹಾದುಹೋಗುತ್ತದೆಂದರೆ ಅವಕ್ಕೆ ಅದನ್ನು ಎಳೆಯಲು ಸಮಯವೇ ಸಿಗದು. ಮೂರು ಪಟ್ಟು ವೇಗದ್ದಕ್ಕೆ ಡಿಕ್ಕಿಗಳು ಇಪ್ಪತ್ತೇಳು ಪಟ್ಟು ಕಡಿಮೆ. ಡಿಕ್ಕಿಯಿಲ್ಲದೆ ಅದು ಓಡುವ ದೂರ ಎಂಬತ್ತೊಂದು ಪಟ್ಟು ಹೆಚ್ಚು. ಅಂದರೆ ಕರೋನಾದಲ್ಲಿ ಏನಾದರೂ ನಡೆದರೆ, ಕಾಂತರೇಖೆಗಳು ತುಂಡಾಗಿ ಹೊಸದಾಗಿ ಕೂಡಿಕೊಂಡು ಕೆಲವು ಎಲೆಕ್ಟ್ರಾನುಗಳನ್ನು ಒಮ್ಮೆಲೇ ದೂಡಿದರೆ, ಸುತ್ತಲಿನ ಮಂದಗತಿಯ ಕಣಗಳು ಅದನ್ನು ಕ್ಷಣದಲ್ಲಿ ಮರೆಯುತ್ತವೆ. ವೇಗದ ಕೆಲವು ಮಾತ್ರ ಹೆಚ್ಚು ಹೊತ್ತು ನೆನಪಿಟ್ಟುಕೊಂಡಿರುತ್ತವೆ. ಹಂಚಿಕೆಯ ತುದಿಯಲ್ಲಿ, ಮ್ಯಾಕ್ಸ್‌ವೆಲ್ ಸೂತ್ರ ಬೆರಳೆಣಿಕೆಯಷ್ಟನ್ನು ಮಾತ್ರ ಒಪ್ಪುವ ಕಡೆ, ಒಂದು ಬಾಲ ಬೆಳೆಯುತ್ತದೆ.

ಈ ಬಾಲವಿರುವ ಹಂಚಿಕೆಗೆ ಗ್ರೀಕ್ ಅಕ್ಷರದ ಮೇಲೆ ‘ಕಪ್ಪಾ’ ಎಂದು ಹೆಸರು. 1968ರಲ್ಲಿ ವಾಸಿಲಿಯುನಾಸ್ ಭೂಮಿಯ ಕಾಂತಗೋಳದ ಎಲೆಕ್ಟ್ರಾನುಗಳನ್ನು ವಿವರಿಸಲು ಅದನ್ನು ಬಳಸಿದರು. ಕಪ್ಪಾ ತೀರಾ ದೊಡ್ಡದಾದರೆ ಮ್ಯಾಕ್ಸ್‌ವೆಲ್ ಹಂಚಿಕೆಯೇ ಮರಳಿ ಬರುತ್ತದೆ. ಅದು ಇಳಿಯುತ್ತ ಒಂದೂವರೆಯ ಕಡೆ ಬಂದಷ್ಟೂ ಬಾಲ ದಪ್ಪ, ಸಮಸ್ಥಿತಿ ದೂರ. ಸೌರಮಾರುತದಲ್ಲಿ ಇಂಥ ಬಾಲವಿರುವುದನ್ನು ನೌಕೆಗಳು ಕಣಗಳನ್ನೇ ಹಿಡಿದು ಎಣಿಸಿ ತೋರಿಸಿವೆ. ಆದರೆ ಆ ಮಾರುತ ಹುಟ್ಟುವ ಕರೋನಾದ ಬುಡಕ್ಕೆ ಯಾವ ನೌಕೆಯೂ ಇಳಿಯಲಾರದು. ಎಲ್ಲಕ್ಕಿಂತ ಹತ್ತಿರ ಹೋದ ಪಾರ್ಕರ್ ನೌಕೆಯೂ 2024ರ ಡಿಸೆಂಬರ್ 24ರಂದು ಮೇಲ್ಮೈಯಿಂದ 61 ಲಕ್ಷ ಕಿಲೋಮೀಟರ್ ದೂರದಲ್ಲೇ ಹಾದುಹೋಯಿತು. ಬುಡದಲ್ಲಿ ಏನಿದೆ ಎನ್ನುವುದನ್ನು ಬೆಳಕೇ ಬಂದು ಹೇಳಬೇಕು.

ಆ ಬೆಳಕು ಸರ್ಜಾಪುರದ ಬಿಸಿಲಿನಲ್ಲಿ ಇಲ್ಲ. ಅದು ತೀವ್ರ ನೇರಳಾತೀತ ಬೆಳಕು. ಭೂಮಿಯ ಮೇಲಿನ ತೆಳು ಗಾಳಿಯೇ ಅದನ್ನು ಎತ್ತರದಲ್ಲೇ ನುಂಗಿಬಿಡುತ್ತದೆ. ನುಂಗದಿದ್ದರೆ ನಾವು ಉಳಿಯುತ್ತಿರಲಿಲ್ಲ. ಹಾಗಾಗಿ ಓದುವ ಕಣ್ಣನ್ನು ಗಾಳಿಯಾಚೆ ಇಡಬೇಕು. 2006ರಲ್ಲಿ ಹಾರಿದ ಜಪಾನಿನ ಹಿನೋಡೆ ಉಪಗ್ರಹದಲ್ಲಿ ಅಂಥ ಒಂದು ರೋಹಿತದರ್ಶಕವಿದೆ, ಇಐಎಸ್. ಅದು ಎರಡು ಕಿಟಕಿಗಳಿಂದ ನೋಡುತ್ತದೆ: 17ರಿಂದ 21 ನ್ಯಾನೋಮೀಟರಿನದು ಒಂದು, ಸುಮಾರು 25ರಿಂದ 29ರದು ಇನ್ನೊಂದು. ಎರಡರಲ್ಲೂ ಕಬ್ಬಿಣದ ಗೆರೆಗಳು ಕಿಕ್ಕಿರಿದಿವೆ.

ಓದುವ ಉಪಾಯ ಹೀಗೆ. ಹತ್ತು ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣದ ಅಯಾನನ್ನು ತೆಗೆದುಕೊಳ್ಳಿ. ಅದು 25.7 ನ್ಯಾನೋಮೀಟರಿನ ಬಳಿ ಬೆಳಕು ಬಿಡಬೇಕಾದರೆ ಸುಮಾರು 48 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಪೆಟ್ಟು ಬೇಕು. 18.2ರ ಬಳಿ ಬಿಡಬೇಕಾದರೆ 68ರಷ್ಟು. ಒಂದೇ ಜಾತಿಯ ಅಯಾನು, ಒಂದೇ ಜಾಗ, ಎರಡು ಗಟ್ಟಿತನದ ಪೆಟ್ಟು. ಎರಡು ಗೆರೆಗಳ ಹೊಳಪನ್ನು ಭಾಗಿಸಿದರೆ ಮೆದು ಪೆಟ್ಟು ಎಷ್ಟು ಬಿದ್ದಿದೆ, ಬಲವಾದದ್ದು ಎಷ್ಟು ಬಿದ್ದಿದೆ ಎನ್ನುವುದರ ಲೆಕ್ಕ ಸಿಗುತ್ತದೆ. ಅಯಾನಿನಿಂದ ಇನ್ನೂ ಒಂದು ಎಲೆಕ್ಟ್ರಾನನ್ನು ಕಿತ್ತು ಮುಂದಿನ ಹಂತಕ್ಕೆ ಕಳಿಸಲು 290 ಎಲೆಕ್ಟ್ರಾನ್ ವೋಲ್ಟ್ ಬೇಕು. ಹತ್ತು ಲಕ್ಷ ಡಿಗ್ರಿಯಲ್ಲಿ ಎಲೆಕ್ಟ್ರಾನಿನ ಸರಾಸರಿ ಶಕ್ತಿ 130ರಷ್ಟೇ. ಕೀಳುವ ಕೆಲಸ ಮಾಡುವವೇ ಬಾಲದಲ್ಲಿರುವವು. ಆದ್ದರಿಂದ ಯಾವ ಹಂತದ ಕಬ್ಬಿಣ ಎಷ್ಟಿದೆ ಎನ್ನುವುದರಲ್ಲೂ ಬಾಲದ ಗುರುತು ಬೀಳುತ್ತದೆ.

ತೊಡಕು ಇಲ್ಲಿಂದಲೇ ಶುರು. ಬಲವಾದ ಪೆಟ್ಟುಗಳು ಹೆಚ್ಚಾಗಿರುವುದು ಬಾಲ ಬೆಳೆದಿರುವುದರಿಂದಲೋ, ಅನಿಲವೇ ಒಟ್ಟಾರೆ ಹೆಚ್ಚು ಬಿಸಿಯಾಗಿರುವುದರಿಂದಲೋ? ಒಂದು ಅನುಪಾತ ಎರಡನ್ನೂ ಬೇರ್ಪಡಿಸಲಾರದು. ಸಾಂದ್ರತೆ ಬದಲಾದರೂ ಕೆಲವು ಗೆರೆಗಳ ಹೊಳಪು ಬದಲಾಗುತ್ತದೆ. ಹಾಗಾಗಿ ಒಂದು ಜೋಡಿ ಗೆರೆಯಿಂದ ಸಾಂದ್ರತೆ, ಇನ್ನೊಂದರಿಂದ ತಾಪಮಾನ, ಮತ್ತೊಂದರಿಂದ ಕಪ್ಪಾ, ಹೀಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ, ಎಲ್ಲ ಉತ್ತರಗಳೂ ಒಂದೇ ಬಿಂದುವಿನಲ್ಲಿ ಕೂಡುವವರೆಗೆ ಒಪ್ಪಬಾರದು. ಇದಕ್ಕೆ ಬೇಕಾದ ಪರಮಾಣು ಲೆಕ್ಕಗಳನ್ನು 1990ರ ದಶಕದಿಂದ ಕಿಯಾಂಟಿ ಎಂಬ ದತ್ತಸಂಚಯದಲ್ಲಿ ಸಾಲಾಗಿ ಕೂಡಿಟ್ಟಿದ್ದಾರೆ. ಕಪ್ಪಾ ಹಂಚಿಕೆಗೆ ಅವನ್ನು ಮರಳಿ ಕಟ್ಟಿಕೊಟ್ಟವರು ಜೆಕ್ ದೇಶದ ಒಂದ್ರೆಯೋವ್ ವೀಕ್ಷಣಾಲಯದ ಎಲೆನಾ ಜಿಫ್ಚಾಕೋವಾ ಮತ್ತು ಸಂಗಡಿಗರು. ಯಾರೂ ಚಪ್ಪಾಳೆ ತಟ್ಟದ ದುಡಿಮೆ ಅದು. ಒಂದೊಂದು ಅಯಾನಿನ ಒಂದೊಂದು ಜಿಗಿತಕ್ಕೂ ಲೆಕ್ಕ. ನನಗೆ ಇಂಥ ದುಡಿಮೆಯ ಮೇಲೆ, ದೂರದರ್ಶಕದ ಚಿತ್ರಗಳ ಮೇಲಿರುವುದಕ್ಕಿಂತ ಹೆಚ್ಚು ಗೌರವ.

2015ರಲ್ಲಿ ಯಾರೋಸ್ಲಾವ್ ಡುಡಿಕ್ ಮತ್ತು ಸಹಲೇಖಕರು ಕರೋನಾದ ಒಂದು ಕಮಾನನ್ನು ಹೀಗೆ ಓದಿದ್ದನ್ನು ಪ್ರಕಟಿಸಿದರು. ಆ ಜಾಗದಲ್ಲಿ ಮೂರು ಗಂಟೆ ಮೊದಲು ಒಂದು ಪುಟ್ಟ ಸೌರಜ್ವಾಲೆ ಎದ್ದು ಅಡಗಿತ್ತು. ಆಮೇಲೆ ಅದೇ ಸ್ಥಳದಲ್ಲಿ ಈ ಕಮಾನು ಬೆಳಗಿತು, ಬೆಳಗುತ್ತಿರುವಾಗಲೇ ಇಐಎಸ್ ಅದನ್ನು ಹಿಡಿಯಿತು. ಕಬ್ಬಿಣದ ಗೆರೆಗಳ ಅನುಪಾತ ಹೇಳಿದ್ದು: ಕಪ್ಪಾ ಎರಡು, ಅಥವಾ ಇನ್ನೂ ಕಡಿಮೆ. ಮ್ಯಾಕ್ಸ್‌ವೆಲ್ ಹಂಚಿಕೆಯಿಂದ ಅತಿ ದೂರ. ಕರೋನಾದಲ್ಲಿ ಇಂಥ ಹಂಚಿಕೆ ರೋಹಿತದಿಂದ ಪತ್ತೆಯಾದದ್ದು ಅದೇ ಮೊದಲು.

ಈ ಫಲಿತಾಂಶದ ಮುಂದೆ ನಾನು ನಿಂತುಬಿಡುತ್ತೇನೆ. ಕರೋನಾದ ಮಟ್ಟಿಗೆ ದಟ್ಟವಾದ ಆ ಕಮಾನಿನಲ್ಲಿ ಸಾಧಾರಣ ಎಲೆಕ್ಟ್ರಾನುಗಳು ತಮ್ಮ ಕಥೆಯನ್ನು ಮರೆಯಲು ಬೇಕಾದ ಹೊತ್ತು ಸೆಕೆಂಡಿನ ನೂರರಲ್ಲಿ ಒಂದು ಭಾಗದ ಆಸುಪಾಸು. ಮೂರು ಪಟ್ಟು ವೇಗದವಕ್ಕೂ ಅರ್ಧ ಸೆಕೆಂಡು ಹಿಡಿಯದು. ಅವಕ್ಕಿಂತ ಬಹಳ ವೇಗದ ಕೆಲವು ಮಾತ್ರ ನಾಲ್ಕಾರು ಸೆಕೆಂಡು ತಾಳಿಯಾವು. ಹೀಗಿರುವಾಗ ಮೂರು ಗಂಟೆ ಹಿಂದಿನ ಜ್ವಾಲೆಯ ನೆನಪು ಅಲ್ಲಿ ಉಳಿದಿರುವ ಮಾತೇ ಇಲ್ಲ. ಬಾಲ ಕಾಣುತ್ತಿದೆ ಎಂದರೆ ಆ ಕ್ಷಣದಲ್ಲೂ ಏನೋ ಎಲೆಕ್ಟ್ರಾನುಗಳನ್ನು ದೂಡುತ್ತಲೇ ಇದೆ, ಮರೆತಂತೆಲ್ಲ ಮತ್ತೆ ನೆನಪಿಸುತ್ತಲೇ ಇದೆ. ಇಲ್ಲವೇ ಬೇರೆಲ್ಲೋ ದೂಡಲ್ಪಟ್ಟವು ಡಿಕ್ಕಿಯಿಲ್ಲದೆ ಸಾವಿರಾರು ಕಿಲೋಮೀಟರ್ ಹಾರಿ ಬಂದು ಇಲ್ಲಿ ಸೇರುತ್ತಿವೆ. ಕಣ್ಣಿಗೆ ಆ ಕಮಾನು ಮೆಲ್ಲಗೆ ಬೆಳಗುವ ಒಂದು ಎಳೆ. ಒಳಗೆ ಸೆಕೆಂಡಿಗೊಮ್ಮೆ, ಅದಕ್ಕೂ ಬೇಗ, ಯಾವುದೋ ಕೈ ದುಡಿಯುತ್ತಿದೆ. ಯೂಜೀನ್ ಪಾರ್ಕರ್ 1988ರಲ್ಲಿ ಹೇಳಿದ್ದರು, ಕರೋನಾವನ್ನು ಕಾಯಿಸುವುದು ಕಣ್ಣಿಗೆ ಬೀಳದಷ್ಟು ಚಿಕ್ಕ, ಎಣಿಕೆಗೆ ಸಿಗದಷ್ಟು ಜ್ವಾಲೆಗಳ ಸಾಲು ಇರಬಹುದೆಂದು. ಅವನ್ನು ಒಂದೊಂದಾಗಿ ನೋಡಲಾಗದಿದ್ದರೂ ಅವು ಬಿಟ್ಟ ನೆನಪನ್ನು ನೋಡಬಹುದೇನೋ.

ಆದರೆ ಇಲ್ಲಿ ಸಂಭ್ರಮವನ್ನು ಹಿಡಿದಿಡಬೇಕು. ಹುಡುಕುತ್ತಿರುವ ವ್ಯತ್ಯಾಸವೇ ಶೇಕಡಾ ಕೆಲವು ಹತ್ತುಗಳಷ್ಟು. ಉಪಕರಣದ ಅಳತೆಯ ಅನುಮಾನ ಅದಕ್ಕಿಂತ ತೀರಾ ಚಿಕ್ಕದಲ್ಲ. ನೇರಳಾತೀತ ಬೆಳಕಿಗೆ ತೆರೆದಿಟ್ಟ ಕಣ್ಣು ವರ್ಷಗಳು ಕಳೆದಂತೆ ಮಂಜಾಗುತ್ತದೆ. ಇಐಎಸ್‌ನ ಎರಡು ಕಿಟಕಿಗಳು ಸಮನಾಗಿ ಮಂಜಾಗಲಿಲ್ಲ. ಉದ್ದ ತರಂಗದ ಕಿಟಕಿ ಮೊದಲ ಕೆಲವು ವರ್ಷಗಳಲ್ಲೇ ಸುಮಾರು ಅರ್ಧದಷ್ಟು ಸೂಕ್ಷ್ಮತೆ ಕಳೆದುಕೊಂಡಿತ್ತು ಎಂದು 2013ರಲ್ಲಿ ಕೇಂಬ್ರಿಜಿನ ಜೂಲಿಯೊ ಡೆಲ್ ಜಾನಾ ತೋರಿಸಿದರು. ಕಪ್ಪಾ ಅಳೆಯಲು ಹೋಲಿಸಬೇಕಾದ ಎರಡು ಗೆರೆಗಳಲ್ಲಿ ಒಂದು ಈ ಕಿಟಕಿಯಲ್ಲಿದೆ, ಇನ್ನೊಂದು ಆ ಕಿಟಕಿಯಲ್ಲಿ. ಕಣ್ಣಿನ ಮಂಜನ್ನು ಸೂರ್ಯನ ಸ್ವಭಾವ ಎಂದು ಓದಿಬಿಡುವ ಅಪಾಯ ಯಾವಾಗಲೂ ಇದೆ. ಹೀಗಾಗಿ ಈ ವಿಜ್ಞಾನಿಗಳು ತಮ್ಮ ಕಣ್ಣನ್ನೇ ಮೊದಲು ಪರೀಕ್ಷಿಸಿಕೊಂಡರು. ಅನುಪಾತ ಗೊತ್ತಿರುವ ಬೇರೆ ಗೆರೆಗಳಿಂದ ಕಿಟಕಿಗಳನ್ನು ಒಂದಕ್ಕೊಂದು ತೂಗಿದರು, ತಿದ್ದಿದರು. ತಿದ್ದಿದ ಮೇಲೂ ಇದು ಇಷ್ಟರಮಟ್ಟಿಗೆ ಮಾತ್ರ ಖಚಿತ ಎಂದು ಬರೆದರು. ಬೆರಗು ಎಂದರೆ ಬಾಯಿ ತೆರೆದು ನಿಲ್ಲುವುದು ಎಂದು ನಾನು ಒಪ್ಪುವುದಿಲ್ಲ. ಇಷ್ಟು ಎಚ್ಚರದಿಂದ ನೋಡುವವರ ಬೆರಗೇ ಆಳವಾದದ್ದು.

ಬೇರೆ ಸಾಕ್ಷಿಗಳೂ ಇವೆ, ಕೆಲವು ನಮ್ಮ ಸೀಮೆಯವೇ. ಗೌರಿಬಿದನೂರಿನ ಬಯಲಲ್ಲಿ ಸಾಲಾಗಿ ನಿಂತ ಆಂಟೆನಾಗಳು 1970ರ ದಶಕದಿಂದ ಸೂರ್ಯನ ರೇಡಿಯೊ ಸದ್ದು ಕೇಳುತ್ತಿವೆ. ಎಲೆಕ್ಟ್ರಾನುಗಳ ಕಿರಣವೊಂದು ಕರೋನಾವನ್ನು ಸೀಳಿಕೊಂಡು ಹೊರಟರೆ ಕೆಲವೇ ಸೆಕೆಂಡುಗಳಲ್ಲಿ ಮೇಲಿನಿಂದ ಕೆಳಕ್ಕೆ ಜಾರುವ ಒಂದು ರೇಡಿಯೊ ಸ್ವರ ಏಳುತ್ತದೆ. ಬಾಲದ ಎಲೆಕ್ಟ್ರಾನುಗಳು ತಾವೇ ಕೂಗಿ ಹೇಳಿದಂತೆ. ಆದಿತ್ಯದಲ್ಲಿರುವ ಹೀಲಿಯೋಸ್ ಉಪಕರಣ 10 ಸಾವಿರದಿಂದ 150 ಸಾವಿರ ಎಲೆಕ್ಟ್ರಾನ್ ವೋಲ್ಟಿನ ಕ್ಷ-ಕಿರಣ ನೋಡುತ್ತದೆ. 2023ರ ಅಕ್ಟೋಬರ್ 29ರ ಸೌರಜ್ವಾಲೆಯ ಆರಂಭದ ಸ್ಫೋಟವನ್ನು ಅದು ಹಿಡಿದಿದೆ. ಅದನ್ನು ಕಟ್ಟಿದ್ದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ. ಉಡುಪಿಯ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ರಾಯರ ಮುಂದಾಳುತನದಲ್ಲೇ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಆರ್ಯಭಟ ತಯಾರಾದದ್ದು. 1975ರ ಏಪ್ರಿಲ್ 19ರಂದು ಹಾರಿದ ಆ ಮೊದಲ ಉಪಗ್ರಹದಲ್ಲೂ ಸೂರ್ಯನ ನ್ಯೂಟ್ರಾನು, ಗಾಮಾ ಕಿರಣಗಳನ್ನು ಹುಡುಕುವ ಒಂದು ಪೆಟ್ಟಿಗೆಯಿತ್ತು. ವಿದ್ಯುತ್ ಕೈಕೊಟ್ಟು ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವು. ಹುಡುಕಾಟ ನಿಲ್ಲಲಿಲ್ಲ.

ಆದರೆ ಕ್ಷ-ಕಿರಣ ಮತ್ತು ರೇಡಿಯೊ ಹೇಳುವುದು ಬಹುಮಟ್ಟಿಗೆ ಅಬ್ಬರದ ಗಳಿಗೆಗಳನ್ನು, ಸ್ಫೋಟವನ್ನು, ಜ್ವಾಲೆಯನ್ನು. ಅಬ್ಬರವಿಲ್ಲದ ಹೊತ್ತಿನಲ್ಲಿ ಕರೋನಾ ಹೇಗಿರುತ್ತದೆ ಎನ್ನುವ ಪ್ರಶ್ನೆಗೆ ನೇರಳಾತೀತದ ಕಬ್ಬಿಣವನ್ನೇ ಕೇಳಬೇಕು. 2020ರಲ್ಲಿ ಲೋರಿಂಚಿಕ್ ಮತ್ತು ಸಂಗಡಿಗರು ಹಾಗೆ ಕೇಳಿದರು. ಅವರ ಓದಿನ ಪ್ರಕಾರ ಸೂರ್ಯನ ಶಾಂತ ಪ್ರದೇಶಗಳು ಮ್ಯಾಕ್ಸ್‌ವೆಲ್ ಹಂಚಿಕೆಗೆ ಹತ್ತಿರವಿವೆ. ಕಾಂತಕ್ಷೇತ್ರ ಹೆಣೆದುಕೊಂಡ ಚುರುಕು ಪ್ರದೇಶಗಳು ಅದರಿಂದ ಬಹಳ ದೂರ. ಒಂದೇ ಸೂರ್ಯನ ಮೇಲೆ ಮರೆತ ಜಾಗಗಳೂ ಮರೆಯಗೊಡದ ಜಾಗಗಳೂ ಪಕ್ಕಪಕ್ಕದಲ್ಲಿವೆ. ಶಾಂತ ಪ್ರದೇಶವೂ ಹತ್ತು ಲಕ್ಷ ಡಿಗ್ರಿಯದೇ, ಅದನ್ನೂ ಏನೋ ಕಾಯಿಸುತ್ತಲೇ ಇದೆ. ಆ ಕೈ ಮಾತ್ರ ಬಾಲ ಬಿಡುವಷ್ಟು ರಭಸದ್ದಲ್ಲ, ಅಥವಾ ಅಷ್ಟು ಎಡೆಬಿಡದೆ ದುಡಿಯುವುದಿಲ್ಲ. ಚುರುಕು ಪ್ರದೇಶವನ್ನೂ ಶಾಂತ ಪ್ರದೇಶವನ್ನೂ ಕಾಯಿಸುವುದು ಒಂದೇ ಬಗೆಯ ಕೆಲಸವೋ ಎರಡೋ ಎನ್ನುವ ಹಳೆಯ ಜಗಳಕ್ಕೆ ಈಗ ಸರಾಸರಿಯಲ್ಲದ ಒಂದು ಅಂಕಿ ಸಿಕ್ಕಿದೆ.

ಆ ಅಂಕಿ ಇನ್ನೂ ಗಟ್ಟಿಯಾಗಬೇಕು. ಎರಡೂ ತುದಿಯ ಗೆರೆಗಳನ್ನು ಒಂದೇ ಹೊತ್ತಿನಲ್ಲಿ, ನಂಬಬಹುದಾದ ಅಳತೆಯಲ್ಲಿ, ಸೆಕೆಂಡಿನಷ್ಟು ಚಿಕ್ಕ ಅವಧಿಗಳಲ್ಲಿ ನೋಡುವ ಕಣ್ಣು ಬೇಕು. ಹಾಗೆ ನೋಡಿದರೆ ಬಾಲ ಬೆಳೆಯುವುದನ್ನೂ ಕರಗುವುದನ್ನೂ, ಮತ್ತೆ ಬೆಳೆಯುವುದನ್ನೂ ಬಿಡಿಬಿಡಿಯಾಗಿ ಕಾಣಬಹುದು. ಯಾವ ಗಳಿಗೆಯಲ್ಲಿ ಎಷ್ಟು ದೂಡಲಾಯಿತೆಂದು ಲೆಕ್ಕ ಹಾಕಬಹುದು. ಅಲ್ಲಿಯವರೆಗೆ 2015ರ ಆ ಕಮಾನಿಗೆ ‘ಎರಡು, ಅಥವಾ ಇನ್ನೂ ಕಡಿಮೆ’ ಎಂದೇ ಬರೆಯಬೇಕಾಗುತ್ತದೆ.